ಮಾಕಳಿ ಬೇರು: ಬಳ್ಳಿಯ ಹಗೇವು

ಮದುವೆ ಮನೆಯ ಊಟ. ಎಲೆ ಹಾಕಿದ್ದಾರೆ. ಮೊದಲು ಉಪ್ಪು ಬಂತು. ಆಮೇಲೆ ಉಪ್ಪಿನಕಾಯಿ ಬಂತು. ನೋಡಿದರೆ ಅದು ಮಾವಿನಕಾಯಿ ಅಲ್ಲ. ನಿಂಬೆಕಾಯಿಯೂ ಅಲ್ಲ. ಚಿಕ್ಕ ಚಿಕ್ಕ ಕಡ್ಡಿಯ ಹಾಗಿದೆ. ಬಾಯಿಗೆ ಇಟ್ಟರೆ ಗಮ್ಮೆನ್ನುತ್ತದೆ. ನಾಲಿಗೆ ಚುರುಗುಟ್ಟುತ್ತದೆ.

ಪಕ್ಕದಲ್ಲಿ ಕೂತ ಹಿರಿಯರು ಹೇಳುತ್ತಾರೆ: "ಇದು ಮಾಕಳಿ ಬೇರು ಕಣಪ್ಪ. ಮೊದಲು ಸಂತೆ ಸಂತೆಗೂ ಬರ್ತಿತ್ತು. ಈಗ ಸಿಗೋದೇ ಕಷ್ಟ."

ಯಾಕೆ ಕಷ್ಟ? ಈ ಬೇರು ಎಲ್ಲಿಂದ ಬರುತ್ತದೆ? ಯಾರು ಕಿತ್ತು ತರುತ್ತಾರೆ? ಬನ್ನಿ, ನಾವು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಬಳ್ಳಿ ಹೇಗಿರುತ್ತದೆ?

ಮಾಕಳಿ ಒಂದು ಕಾಡು ಬಳ್ಳಿ. ಕೆಲವು ಕಡೆ ಇದನ್ನು ಮಾಗಳಿ ಅಂತಲೂ ಕರೆಯುತ್ತಾರೆ. ತಮಿಳಿನವರು ಮಾಹಾಳಿ ಎನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಹೆಸರು ಉದ್ದ. ಬಾಯಿಪಾಠ ಮಾಡಬೇಕಾಗಿಲ್ಲ. ನಮಗೆ ಮಾಕಳಿ ಅಂದರೆ ಸಾಕು.

ಈ ಬಳ್ಳಿ ಎಲ್ಲ ದೇಶಗಳಲ್ಲೂ ಇಲ್ಲ. ಇದು ದಕ್ಷಿಣ ಭಾರತದ ಬಳ್ಳಿ. ಕರ್ನಾಟಕ, ಆಂಧ್ರ, ತಮಿಳುನಾಡಿನ ಒಣ ಕಾಡುಗಳಲ್ಲಿ ಬೆಳೆಯುತ್ತದೆ. ಕಲ್ಲು ಬಂಡೆ ಇರುವ ಗುಡ್ಡದ ಇಳಿಜಾರು ಇದಕ್ಕೆ ಇಷ್ಟ. ಬಂಡೆಯ ಸಂದಿಯಲ್ಲೂ ಬೇರು ಬಿಟ್ಟು ನಿಲ್ಲುತ್ತದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಇದು ಇದೆ. ಅಲ್ಲಿನ ಸೋಲಿಗರಿಗೆ ಇದು ಹಳೆಯ ಪರಿಚಯ.

ಅವರೆ ಬಳ್ಳಿ ನೋಡಿದ್ದೀರಲ್ಲ? ಚಪ್ಪರದ ಕೋಲಿಗೆ ಮೈ ಸುತ್ತಿಕೊಂಡು ಮೇಲೆ ಹೋಗುತ್ತದೆ. ಮಾಕಳಿಯೂ ಹಾಗೇ. ಪಕ್ಕದ ಗಿಡಕ್ಕೋ ಮರಕ್ಕೋ ಸುತ್ತಿಕೊಂಡು ಹತ್ತುತ್ತದೆ. ಎಳೆಯ ಬಳ್ಳಿ ಮೆತ್ತಗಿರುತ್ತದೆ. ಹಳೆಯದಾದಂತೆ ಕಾಂಡ ಮರದ ಹಾಗೆ ಗಟ್ಟಿಯಾಗುತ್ತದೆ. ಎಲೆಗಳು ಎರಡೆರಡು, ಎದುರುಬದುರು. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ, ಎಕ್ಕದ ಎಲೆ ಮುರಿದ ಹಾಗೆ. ಹೂವು ತೀರಾ ಚಿಕ್ಕದು. ಕಾಯಿ ಮಾತ್ರ ಜೋಡಿಯಾಗಿ ಬಿಡುತ್ತದೆ, ಎರಡು ಕೊಂಬು ಇದ್ದ ಹಾಗೆ.

ಕಾಯಿ ಒಣಗಿ ಬಾಯಿ ಬಿಟ್ಟಾಗ ಒಳಗೆ ಬೀಜ ಕಾಣುತ್ತದೆ. ಪ್ರತಿ ಬೀಜಕ್ಕೂ ಬಿಳಿ ರೇಷ್ಮೆಯಂಥ ಕೂದಲಿನ ಜುಟ್ಟು. ಗಾಳಿ ಬೀಸಿದರೆ ಬೀಜ ಹಾರಿ ದೂರ ಹೋಗುತ್ತದೆ. ಎಲ್ಲಿ ಬೀಳುತ್ತದೋ ಅಲ್ಲಿ ಹೊಸ ಬಳ್ಳಿ ಹುಟ್ಟಬೇಕು. ಆದರೆ ಬಿದ್ದ ಬೀಜವೆಲ್ಲ ಬಳ್ಳಿ ಆಗುವುದಿಲ್ಲ. ಕೆಲವು ಬಂಡೆ ಮೇಲೆ ಬೀಳುತ್ತವೆ. ಕೆಲವು ಒಣಗಿ ಹೋಗುತ್ತವೆ. ಬದುಕುವುದು ಸ್ವಲ್ಪ.

ಬೇರಲ್ಲ, ಹಗೇವು

ನಮ್ಮ ಹಿರಿಯರು ರಾಗಿಯನ್ನು ಹೇಗೆ ಕಾಪಾಡುತ್ತಿದ್ದರು? ನೆಲದಲ್ಲಿ ಆಳವಾದ ಗುಂಡಿ ತೆಗೆಯುತ್ತಿದ್ದರು. ಅದರಲ್ಲಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಅದೇ ಹಗೇವು. ಮಳೆ ಕೈಕೊಟ್ಟ ವರ್ಷ ಹಗೇವು ತೆಗೆಯುತ್ತಿದ್ದರು. ಮನೆಮಂದಿ ಬದುಕುತ್ತಿದ್ದರು.

ಮಾಕಳಿ ಬಳ್ಳಿಯೂ ಇದೇ ಬುದ್ಧಿ ಮಾಡಿದೆ.

ಒಣ ಕಾಡಿನಲ್ಲಿ ಮಳೆ ಬರುವುದು ಕೆಲವೇ ತಿಂಗಳು. ಉಳಿದ ತಿಂಗಳು ಬಿಸಿಲು, ಒಣ ಗಾಳಿ. ಮಳೆಗಾಲದಲ್ಲಿ ಬಳ್ಳಿ ಚಿಗುರುತ್ತದೆ. ಎಲೆ ತುಂಬಿಕೊಳ್ಳುತ್ತದೆ. ಎಲೆಯೇ ಬಳ್ಳಿಯ ಅಡುಗೆ ಮನೆ. ಬಿಸಿಲು, ನೀರು, ಗಾಳಿ ಸೇರಿಸಿ ಎಲೆ ಆಹಾರ ತಯಾರಿಸುತ್ತದೆ. ಆ ಹೊತ್ತಿಗೆ ಬೇಕಾದಷ್ಟನ್ನು ಬಳ್ಳಿ ಬಳಸುತ್ತದೆ. ಮಿಕ್ಕಿದ್ದನ್ನು ಕೆಳಗೆ ಇಳಿಸಿ ಬೇರಿನಲ್ಲಿ ತುಂಬಿಡುತ್ತದೆ. ಅದಕ್ಕೇ ಬೇರು ದಪ್ಪವಾಗುತ್ತದೆ. ಬುಡದಿಂದ ಸುತ್ತಲೂ ಹಲವು ಬೇರು ಹರಡುತ್ತವೆ. ಕೆಲವು ಬೆರಳಿನಷ್ಟು ದಪ್ಪ. ಕೆಲವು ಅದಕ್ಕಿಂತಲೂ ದಪ್ಪ. ಹೊರಗೆ ಕಂದು ಸಿಪ್ಪೆ. ಒಳಗೆ ರಸ ತುಂಬಿದ ಬಿಳಿ ತಿರುಳು. ನಟ್ಟ ನಡುವೆ ಮರದಂಥ ಗಟ್ಟಿ ದಿಂಡು.

ಬೇಸಿಗೆ ಬಂತು. ನೆಲ ಒಣಗಿತು. ಎಲೆ ಇದ್ದರೆ ಅದರ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಬಳ್ಳಿ ಎಲೆ ಉದುರಿಸುತ್ತದೆ. ಆಗ ನೋಡಿದರೆ ಒಣಗಿದ ಹಗ್ಗದ ಹಾಗೆ ಕಾಣುತ್ತದೆ. ಗೊತ್ತಿಲ್ಲದವರು "ಸತ್ತೋಯ್ತು" ಅಂದುಕೊಳ್ಳುತ್ತಾರೆ. ಸತ್ತಿಲ್ಲ. ಮಣ್ಣಿನ ಒಳಗೆ ಹಗೇವು ತುಂಬಿದೆ. ಮಳೆ ಬಿದ್ದ ಕೂಡಲೇ ಬಳ್ಳಿ ಅದನ್ನು ತೆಗೆದು ಉಂಡು ಮತ್ತೆ ಚಿಗುರುತ್ತದೆ.

ಹಾಗಾದರೆ ಒಂದು ಪ್ರಶ್ನೆ. ಬೇಸಿಗೆಯಲ್ಲಿ ಯಾರೋ ಬಂದು ಹಗೇವನ್ನೇ ಪೂರಾ ಬರಿದು ಮಾಡಿದರೆ? ಮಳೆ ಬಂದರೂ ಬಳ್ಳಿ ಏನು ತಿಂದು ಚಿಗುರೀತು?

ವಾಸನೆಯೇ ಕಾವಲು

ಮಣ್ಣಿನಲ್ಲಿ ಗೆದ್ದಲಿದೆ, ಹುಳುವಿದೆ. ಇಷ್ಟು ರಸ ತುಂಬಿದ ಬೇರನ್ನು ಅವು ಬಿಟ್ಟಾವೇ? ಬೇರಿಗೆ ಒಂದು ಘಾಟು ವಾಸನೆ ಇದೆ. ಮೂಗಿಗೆ ಹಿಡಿದರೆ ಬೇಗ ಹೋಗುವುದಿಲ್ಲ. ಕೆಲವರು ಅದನ್ನು ಸುವಾಸನೆ ಅನ್ನುತ್ತಾರೆ. ಇನ್ನು ಕೆಲವರು "ಅಯ್ಯೋ, ತಿಗಣೆ ವಾಸನೆ" ಅಂತ ಮೂಗು ಮುರಿಯುತ್ತಾರೆ. ಐಸ್‌ಕ್ರೀಮಿಗೆ ಹಾಕುವ ವೆನಿಲಾ ಗೊತ್ತಲ್ಲ? ಮಾಕಳಿಯ ವಾಸನೆಗೆ ಕಾರಣವಾದ ವಸ್ತು ವೆನಿಲಾ ಪರಿಮಳದ ವಸ್ತುವಿಗೆ ಹತ್ತಿರದ ನೆಂಟ.

ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಬೇರಿನ ಮೇಲೆ ಹಲವು ಪರೀಕ್ಷೆ ಮಾಡಿದ್ದಾರೆ. ಕಾಳಿಗೆ ಬೀಳುವ ಹುಳುಗಳನ್ನು ಬೇರಿನ ಸಾರ ಕೊಲ್ಲುತ್ತದೆ ಎಂದು ಕಂಡಿದ್ದಾರೆ. ನೋಡಿದಿರಾ? ಬಳ್ಳಿ ಹಗೇವನ್ನೂ ಮಾಡಿಕೊಂಡಿದೆ. ಅದಕ್ಕೆ ಕಾವಲನ್ನೂ ಇಟ್ಟುಕೊಂಡಿದೆ. ಹುಳುವಿನಿಂದ ಕಾಪಾಡುವ ಕಾವಲು ಅದು. ಮನುಷ್ಯನ ಹಾರೆಯಿಂದ ಕಾಪಾಡಲು ಬಳ್ಳಿಗೆ ಯಾವ ಉಪಾಯವೂ ಇಲ್ಲ. ನಮಗೆ ಆ ವಾಸನೆಯೇ ಬೇಕು!

ತಾತ, ಮೊಮ್ಮಗನ ಮಾತು

ಕಾಡಂಚಿನ ಒಂದು ಊರು ಅಂತ ಇಟ್ಟುಕೊಳ್ಳೋಣ. ಅಲ್ಲಿನವರು ಕಾಡಿನ ಬೇರು, ಜೇನು, ನೆಲ್ಲಿಕಾಯಿ ತಂದು ಮಾರಿ ಬದುಕುತ್ತಾರೆ. ಒಂದು ದಿನ ಮೊಮ್ಮಗ ಬಂಡೆಯ ಪಕ್ಕ ಹಾರೆ ಹಿಡಿದು ಅಗೆಯುತ್ತಿದ್ದ. ಜೊತೆಗೆ ಬಂದ ತಾತ ನೋಡಿದರು.

"ಏನ್ಲಾ ಮಗ, ಬುಡಾನೇ ಕಿತ್ತಾಕ್ತಾ ಇದ್ದೀಯಲ್ಲ?"

"ಹೂಂ ತಾತ. ಎಲ್ಲಾ ಕಿತ್ರೆ ಚೀಲ ಬೇಗ ತುಂಬ್ತದೆ. ಮಗೀಗೆ ಇಸ್ಕೂಲು ಬಟ್ಟೆ ತರ್ಬೇಕು. ಅಂಗಡಿ ಸಾಲಾನೂ ಅದೆ."

"ಸಾಲ ತೀರ್ಸು, ಬ್ಯಾಡ ಅನ್ನಾಕಿಲ್ಲ. ಮುಂದಿನ ವರ್ಸ ಏನ್ ಕಿತ್ತೀಯ?"

"ಬ್ಯಾರೆ ಬಳ್ಳಿ ನೋಡ್ತೀನಿ."

"ನಿಮ್ಮಪ್ಪ ನಿನ್ನಂಗಿದ್ದಾಗ ಊರ ಪಕ್ಕದ ಗುಡ್ಡದಾಗೇ ಬಳ್ಳಿ ಇದ್ವು. ಇವತ್ತು ನೀನು ಎಷ್ಟು ದೂರ ನಡ್ದೆ?"

ಮೊಮ್ಮಗ ಸುಮ್ಮನಾದ. ಕತ್ತಲಿದ್ದಾಗಲೇ ಅವರು ಮನೆ ಬಿಟ್ಟಿದ್ದರು. ಈಗ ಬಿಸಿಲು ನೆತ್ತಿಗೆ ಬಂದಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವನು ಕೇಳಿದ:

"ನಾನು ಬುಟ್ರೆ ಇನ್ನೊಬ್ಬ ಬಂದು ಕಿತ್ಕೋತಾನೆ ತಾತ. ಆಗ ನಾನು ಬುಟ್ಟು ಏನ್ ಬಂತು?"

ತಾತನಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಬಂಡೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಹೇಳಿದರು:

"ಅದು ದಿಟ ಕಣ್ಲಾ. ನೀನೊಬ್ನೇ ಬುಟ್ರೆ ಆಗಾಕಿಲ್ಲ. ಎಲ್ಲಾರೂ ಕೂತು ಒಂದು ಮಾತಿಗೆ ಬರ್ಬೇಕು. ಇವತ್ತು ರಾತ್ರಿ ಜನ ಕೂಡ್ಸಾಣ. ಈ ಬುಡ ಮಾತ್ರ ಬುಡು."

ಇಬ್ಬರೂ ಸೇರಿ ಉಳಿದ ಬೇರಿನ ಮೇಲೆ ಮಣ್ಣು ಎಳೆದರು. ಅಂದು ಚೀಲ ಅರ್ಧ ಮಾತ್ರ ತುಂಬಿತು.

ಕಡಿಮೆಯಾದದ್ದು ಹೇಗೆ?

ಮೊಮ್ಮಗ ಕೆಟ್ಟವನಲ್ಲ. ಅವನಿಗೆ ದುಡ್ಡು ಬೇಕು. ಪೇಟೆಯಲ್ಲಿ ಬೇರಿಗೆ ಬೇಡಿಕೆ ಇದೆ. ಉಪ್ಪಿನಕಾಯಿಗೆ ಬೇಕು. ಶರಬತ್ತಿಗೆ ಬೇಕು. ಆಂಧ್ರದ ರಾಯಲಸೀಮೆಯ ಕಡೆ ನನ್ನಾರಿ ಶರಬತ್ತು ಬಹಳ ಹೆಸರುವಾಸಿ. ಅದಕ್ಕೆ ಸೊಗದೆ ಬೇರು ಬಳಸುವುದು ಉಂಟು. ಮಾಕಳಿ ಬೇರನ್ನು ಬಳಸುವುದೂ ಉಂಟು. ಔಷಧಿಯಲ್ಲೂ ಸೊಗದೆ ಬೇರಿನ ಬದಲು ಮಾಕಳಿ ಹಾಕುತ್ತಾರೆ. ಸೊಗದೆ ಬೇರು ಸಣ್ಣ. ಮಾಕಳಿ ಬೇರು ದಪ್ಪ. ಅಗೆದರೆ ತೂಕ ಜಾಸ್ತಿ ಬರುತ್ತದೆ.

ಹುಣಸೆ ಹಣ್ಣು ಬಡಿದು ತಂದರೆ ಮರ ಹಾಗೇ ಇರುತ್ತದೆ. ಮುಂದಿನ ವರ್ಷ ಮತ್ತೆ ಹಣ್ಣು ಬಿಡುತ್ತದೆ. ಬೇರಿನ ಕತೆ ಹಾಗಲ್ಲ. ಎಲ್ಲ ಬೇರು ಕಿತ್ತರೆ ಬಳ್ಳಿ ಸಾಯುತ್ತದೆ. ಬಳ್ಳಿ ಸತ್ತರೆ ಕಾಯಿ ಇಲ್ಲ. ಕಾಯಿ ಇಲ್ಲದಿದ್ದರೆ ಬೀಜ ಇಲ್ಲ. ಬೀಜ ಇಲ್ಲದಿದ್ದರೆ ಹೊಸ ಬಳ್ಳಿಯೂ ಇಲ್ಲ. ಒಂದು ಬಳ್ಳಿಯ ಜೊತೆ ಮುಂದೆ ಹುಟ್ಟಬೇಕಾದ ಬಳ್ಳಿಗಳೂ ಹೋದವು.

ಇದರಿಂದ ಮಾಕಳಿ ಇಂದು ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಪಟ್ಟಿ ಸೇರಿದೆ.

ಕಾನೂನು ಏನು ಹೇಳುತ್ತದೆ?

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದವರಿಗೆ ಈ ಕಾಯ್ದೆ ಹಕ್ಕು ಕೊಡುತ್ತದೆ. ಕಿರು ಅರಣ್ಯ ಉತ್ಪನ್ನ ತರುವ ಹಕ್ಕು ಅದರಲ್ಲಿ ಒಂದು. ಜೇನು, ಮೇಣ, ಬಿದಿರು ಇದರಲ್ಲಿ ಬರುತ್ತವೆ. ಬೇರು, ಗೆಡ್ಡೆ ಎಂದೂ ಕಾಯ್ದೆಯಲ್ಲಿ ಬರೆದಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಲವು ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಪೋಡು ಅಂದರೆ ಸೋಲಿಗರ ಹಾಡಿ.

ಹಕ್ಕಿನ ಜೊತೆ ಹೊಣೆಯೂ ಇದೆ. ಕಾಡನ್ನು, ಅಲ್ಲಿನ ಪ್ರಾಣಿ, ಗಿಡಗಳನ್ನು ಕಾಪಾಡುವ ಹೊಣೆ. ಅದಕ್ಕಾಗಿ ನಿಯಮ ಮಾಡುವ ಅಧಿಕಾರ ಗ್ರಾಮಸಭೆಗೆ ಇದೆ. ತಾತ ಹೇಳಿದ "ಎಲ್ಲಾರೂ ಕೂತು ಮಾತಾಡಬೇಕು" ಅನ್ನುವುದು ಬರೀ ಬುದ್ಧಿಮಾತಲ್ಲ. ಅದಕ್ಕೆ ಕಾನೂನಿನ ಬಲವೂ ಇದೆ. ಸಭೆಯ ನಿಯಮ ಓದಲು, ಹಕ್ಕು ಪತ್ರ ಓದಲು ನಮಗೆ ಅಕ್ಷರ ಬೇಕು. ತೂಕದ ಚೀಟಿ ಓದಲೂ ಅಕ್ಷರ ಬೇಕು.

ಹಕ್ಕು ಇಲ್ಲದವರು, ಅನುಮತಿ ಇಲ್ಲದವರು ಕಾಡಿಗೆ ಹೋಗಿ ಬೇರು ಅಗೆಯಬಾರದು. ಅದು ತಪ್ಪು.

ಕೀಳುವುದು ಹೇಗೆ?

ಸಭೆಯಲ್ಲಿ ಮಾತಾಡಲು ಇಲ್ಲಿ ಕೆಲವು ವಿಷಯ ಕೊಟ್ಟಿದ್ದೇವೆ.

1. ಎಳೆಯ ಬಳ್ಳಿಯನ್ನು ಮುಟ್ಟಬಾರದು. ಬಲಿತ ಬಳ್ಳಿಯನ್ನೇ ಆರಿಸಬೇಕು.

2. ಬುಡಕ್ಕೆ ಹಾರೆ ಹಾಕಬಾರದು. ಬುಡದಿಂದ ದೂರ, ಒಂದು ಪಕ್ಕದಲ್ಲಿ ಮಾತ್ರ ಅಗೆಯಬೇಕು.

3. ದಪ್ಪ ಬೇರು ಒಂದೆರಡು ತೆಗೆದು ಉಳಿದದ್ದನ್ನು ಬಿಡಬೇಕು.

4. ತೆಗೆದ ಮೇಲೆ ಗುಂಡಿಗೆ ಮಣ್ಣು ತುಂಬಿ ಒತ್ತಬೇಕು. ತೆರೆದು ಬಿಟ್ಟರೆ ಉಳಿದ ಬೇರು ಒಣಗುತ್ತದೆ.

5. ಈ ವರ್ಷ ಕಿತ್ತ ಬಳ್ಳಿಗೆ ಕೆಲವು ವರ್ಷ ಬಿಡುವು ಕೊಡಬೇಕು. ಹಗೇವು ಮತ್ತೆ ತುಂಬಬೇಕಲ್ಲ?

6. ಕಾಯಿ ಇರುವ ಬಳ್ಳಿಯನ್ನು ಬೀಜ ಹಾರುವವರೆಗೆ ಬಿಡಬೇಕು.

ಬೆಳೆಸಬಹುದೇ?

ಆಲೂಗಡ್ಡೆಗೆ ಕಣ್ಣು ಇರುತ್ತದೆ. ಕಣ್ಣಿರುವ ತುಂಡು ನೆಟ್ಟರೆ ಗಿಡ ಬರುತ್ತದೆ. ಸಿಹಿಗೆಣಸಿನ ಬಳ್ಳಿ ತುಂಡು ಮಾಡಿ ನೆಟ್ಟರೂ ಬರುತ್ತದೆ. ಮಾಕಳಿ ಅಷ್ಟು ಸುಲಭವಾಗಿ ಬರುವುದಿಲ್ಲ. ಕಾಂಡದ ತುಂಡು ನೆಟ್ಟರೆ ಬೇರು ಬಿಡುವುದು ಕಡಿಮೆ. ಹೆಚ್ಚಿನವು ಒಣಗುತ್ತವೆ. ಅದಕ್ಕೇ ವಿಜ್ಞಾನಿಗಳು ಪ್ರಯೋಗಾಲಯದ ಬಾಟಲಿಯಲ್ಲಿ ಚಿಕ್ಕ ತುಂಡಿನಿಂದ ಸಸಿ ಎಬ್ಬಿಸುವುದನ್ನು ಕಲಿತಿದ್ದಾರೆ. ಇದಕ್ಕೆ ಅಂಗಾಂಶ ಕೃಷಿ ಎನ್ನುತ್ತಾರೆ.

ನಾವು ಬೀಜದಿಂದ ಪ್ರಯತ್ನ ಮಾಡಬಹುದು. ಬೀಜ ಹೊಸದಾಗಿರಬೇಕು. ಹಳೆಯ ಬೀಜ ಮೊಳೆಯುವುದು ಕಡಿಮೆ. ಜುಟ್ಟು ತೆಗೆದು, ಮರಳು, ಮಣ್ಣು, ಗೊಬ್ಬರ ಬೆರೆಸಿದ ಚೀಲದಲ್ಲಿ ಬಿತ್ತಬೇಕು. ಮಣ್ಣು ಹಸಿಯಾಗಿರಲಿ, ನೀರು ನಿಲ್ಲುವುದು ಬೇಡ. ಸಸಿ ಗಟ್ಟಿಯಾದ ಮೇಲೆ ಮಳೆಗಾಲದ ಶುರುವಿನಲ್ಲಿ ಬೇಲಿಯ ಪಕ್ಕ ನೆಡಬಹುದು. ಹತ್ತಲು ಆಸರೆ ಬೇಕು. ಬೇರು ದಪ್ಪವಾಗಲು ವರ್ಷಗಳು ಬೇಕು. ರಾಗಿಯ ಹಾಗೆ ನಾಲ್ಕು ತಿಂಗಳಿಗೆ ಕುಯಿಲಿಗೆ ಬರುವ ಬೆಳೆ ಅಲ್ಲ ಇದು. ತೆಂಗಿನ ಸಸಿ ನೆಟ್ಟವರ ತಾಳ್ಮೆ ಇದಕ್ಕೂ ಬೇಕು.

ಕೊಳ್ಳುವವರೂ ನಾವೇ

ಕಾಡಿನವರಿಗೆ ಬುದ್ಧಿ ಹೇಳಿ ಪೇಟೆಯ ನಾವು ಸುಮ್ಮನಿರುವುದು ಸರಿಯೇ? ಬೇರು ಕೊಳ್ಳುವವರು ನಾವು. ತೀರಾ ಕಡಿಮೆ ಬೆಲೆಗೆ ಚೌಕಾಸಿ ಮಾಡುವವರೂ ನಾವೇ. ಕೆಜಿಗೆ ಕಡಿಮೆ ಸಿಕ್ಕರೆ ಕೀಳುವವನು ಹೆಚ್ಚು ಕೆಜಿ ಕೀಳಬೇಕಾಗುತ್ತದೆ. ನ್ಯಾಯದ ಬೆಲೆ ಸಿಕ್ಕರೆ ಅವನು ಒಂದೆರಡು ಬೇರು ಬಿಟ್ಟು ಬರಬಹುದು.

ತಂದ ಬೇರನ್ನು ಹಾಳು ಮಾಡಬಾರದು. ಮಣ್ಣು ಹೋಗುವ ಹಾಗೆ ಚೆನ್ನಾಗಿ ತೊಳೆಯಿರಿ. ಸಿಪ್ಪೆ ಹೆರೆಯಿರಿ. ಉದ್ದಕ್ಕೆ ಸೀಳಿ ನಡುವಿನ ದಿಂಡು ತೆಗೆಯಿರಿ. ತಿರುಳನ್ನು ಸಣ್ಣಗೆ ಹೆಚ್ಚಿ. ನಿಂಬೆ ರಸ, ಉಪ್ಪು, ಖಾರದ ಪುಡಿ, ಸಾಸಿವೆ ಪುಡಿ, ಅರಿಸಿನ ಸೇರಿಸಿ ಒಣಗಿದ ಜಾಡಿಗೆ ತುಂಬಿ. ಕೆಲವರು ಮಜ್ಜಿಗೆಯಲ್ಲೂ ನೆನೆಹಾಕುತ್ತಾರೆ. ಒಂದು ಊಟಕ್ಕೆ ಒಂದೆರಡು ತುಂಡು ಸಾಕು. ಇದು ಪಲ್ಯ ಅಲ್ಲ, ಉಪ್ಪಿನಕಾಯಿ.

ಎಚ್ಚರ!

ಬಳ್ಳಿಯ ಬುಡದ ಗೆಡ್ಡೆಯೆಲ್ಲ ತಿನ್ನುವಂಥದ್ದಲ್ಲ. ಗೌರಿ ಹೂವಿನ ಬಳ್ಳಿ ಗೊತ್ತಲ್ಲ? ಬೆಂಕಿಯ ನಾಲಿಗೆಯಂಥ ಕೆಂಪು, ಹಳದಿ ಹೂವು. ಕೋಳಿಕುಟುಮ ಅಂತಲೂ ಕರೆಯುತ್ತಾರೆ. ಅದಕ್ಕೂ ಗೆಡ್ಡೆ ಇದೆ. ಅದೂ ಬೇಸಿಗೆಯಲ್ಲಿ ಒಣಗಿ ಮಳೆಗೆ ಚಿಗುರುತ್ತದೆ. ಅದರ ಗೆಡ್ಡೆ ಘೋರ ವಿಷ. ಗೆಣಸು ಅಂತ ತಿಂದು ಸತ್ತವರಿದ್ದಾರೆ. ಗೊತ್ತಿಲ್ಲದ ಗೆಡ್ಡೆಯ ರುಚಿ ನೋಡಬೇಡಿ. ಮಕ್ಕಳಿಗೂ ಹೇಳಿ. ಯಾರಾದರೂ ತಿಂದಿದ್ದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಗೆಡ್ಡೆಯ ತುಂಡನ್ನೂ ಡಾಕ್ಟರಿಗೆ ತೋರಿಸಿ.

ಲೆಕ್ಕ ಮಾಡೋಣ

(ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು.)

ಒಂದು ಬಳ್ಳಿಯಲ್ಲಿ 6 ಬೇರು ಇವೆ. ಒಂದು ಬೇರು ಅರ್ಧ ಕೆಜಿ.

ಒಬ್ಬರು ಆರೂ ಬೇರು ಕಿತ್ತರು. ಎಷ್ಟು ಕೆಜಿ ಸಿಕ್ಕಿತು? 3 ಕೆಜಿ. ಬಳ್ಳಿ ಸತ್ತಿತು. ಮುಂದಿನ ವರ್ಷಗಳಲ್ಲಿ ಎಷ್ಟು? ಸೊನ್ನೆ.

ಇನ್ನೊಬ್ಬರು 2 ಬೇರು ಕಿತ್ತರು. 1 ಕೆಜಿ ಸಿಕ್ಕಿತು. ಮೂರು ವರ್ಷ ಬಿಟ್ಟು ಮತ್ತೆ 2 ಬೇರು ಕಿತ್ತರು. ಹೀಗೆ ನಾಲ್ಕು ಸಲ ಕಿತ್ತರು. ಒಟ್ಟು ಎಷ್ಟು ಕೆಜಿ? ಬಳ್ಳಿ ಏನಾಯಿತು?

ಮಾತಾಡೋಣ

1. ಮೊಮ್ಮಗ ಕೇಳಿದ ಪ್ರಶ್ನೆಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

2. ನಿಮ್ಮ ಊರಿನ ಸುತ್ತ ಮೊದಲು ಇದ್ದು ಈಗ ಇಲ್ಲದ ಗಿಡ, ಬಳ್ಳಿ ಯಾವುವು? ಮನೆಯ ಹಿರಿಯರನ್ನು ಕೇಳಿ. ಹೆಸರು ಬರೆಯಿರಿ.

3. ಕೆರೆ, ಗೋಮಾಳ, ಕಾಡು ಎಲ್ಲರಿಗೂ ಸೇರಿದವು. ಎಲ್ಲರದ್ದನ್ನು ಕಾಪಾಡುವವರು ಯಾರು?

ಓದಿ, ಬರೆಯಿರಿ

ಮಾಕಳಿ. ಹಗೇವು. ಗುಡ್ಡ. ದಿಂಡು. ಚಿಗುರು. ಗ್ರಾಮಸಭೆ. ಹಕ್ಕು. ಹೊಣೆ.

ಹಗೇವಿನ ರಾಗಿಯನ್ನು ನಮ್ಮ ಹಿರಿಯರು ಪೂರಾ ಉಣ್ಣುತ್ತಿರಲಿಲ್ಲ. ಎಷ್ಟೇ ಹಸಿವಿದ್ದರೂ ಬಿತ್ತನೆಗೆ ನಾಲ್ಕು ಸೇರು ಎತ್ತಿಡುತ್ತಿದ್ದರು. ಬಳ್ಳಿಯ ಹಗೇವಿಗೂ ಅದೇ ಲೆಕ್ಕ. ಬೇಕಾದಷ್ಟು ತೆಗೆಯೋಣ. ಬಿತ್ತನೆಗೆ ಬಿಡೋಣ. ಮೇಲೆ ಮಣ್ಣು ಮುಚ್ಚಿ ಬರೋಣ.